ಅಧ್ಯಕ್ಷರ ಮಾತು ಎಲ್ಲಿಯವರೆಗೆ, ಕಾರ್ಯದರ್ಶಿಯ ಮಾತು ಎಲ್ಲಿಂದ?

ಸಂಘದ ಮಾತು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೇಡಂ, ನಮ್ಮೂರ ಮಹಿಳಾ ಹಾಲು ಉತ್ಪಾದಕರ ಸಂಘಕ್ಕೆ ನಾನು ಹೊಸದಾಗಿ ಅಧ್ಯಕ್ಷೆ ಆಗಿದ್ದೇನೆ. ಓದಿದ್ದು ಏಳನೇ ಕ್ಲಾಸು. ಆದರೆ ಊರಿನ ಪ್ರತಿ ಮನೆಯ ಹೆಂಗಸರೂ ನನಗೆ ಗೊತ್ತು, ಮನೆಮನೆಗೆ ಹೋಗಿ ‘ಡೇರಿಗೆ ಹಾಲು ಹಾಕಿ’ ಅಂತ ಕರೆದವಳು ನಾನೇ. ನಮ್ಮ ಕಾರ್ಯದರ್ಶಿ ಡಿಗ್ರಿ ಓದಿದ ಹುಡುಗಿ. ಲೆಕ್ಕದಲ್ಲಿ ಪಕ್ಕಾ, ಆದರೆ ಮಾತು ಒರಟು. ಹಾಲಿಗೆ ನೀರು ಬೆರೆತಿದೆ ಅಂತ ಮಿಷನ್ ತೋರಿಸಿದರೆ ಯಾರು ಏನು ಅಂತ ನೋಡದೆ ವಾಪಸ್ ಕಳಿಸುತ್ತಾಳೆ. ಹೋದ ತಿಂಗಳು ನನ್ನ ಓರಗಿತ್ತಿಯ ಹಾಲನ್ನೇ ಎಲ್ಲರ ಮುಂದೆ ವಾಪಸ್ ಕಳಿಸಿದಳು. ಮನೆಯಲ್ಲಿ ದೊಡ್ಡ ರಂಪ ಆಯಿತು. ನಮ್ಮಿಬ್ಬರಿಗೆ ಯಾವುದರಲ್ಲೂ ಹೊಂದುವುದಿಲ್ಲ. ಸಮಿತಿಗೆ ಹೇಳಿ ಅವಳನ್ನು ಬದಲಾಯಿಸಲಾ, ಇಲ್ಲಾ ನಾನೇ ರಾಜೀನಾಮೆ ಕೊಡಲಾ?
– ಹೆಸರು ಬೇಡ, ಅರಸೀಕೆರೆ ತಾಲ್ಲೂಕು

ಉತ್ತರ: ತಂಗಿ, ಎರಡೂ ಬೇಡ. ಅವಳನ್ನೂ ತೆಗೆಯಬೇಡಿ, ನೀವೂ ಬಿಡಬೇಡಿ. ಒಂದು ಹಾಲಿನ ಸಂಘಕ್ಕೆ ಬೇಕಾದ ಇಬ್ಬರು ನಿಮ್ಮೂರಲ್ಲಿ ಆಗಲೇ ಇದ್ದಾರೆ.

ನಾನು ಹಾಲು ಒಕ್ಕೂಟದಲ್ಲಿ ವಿಸ್ತರಣಾಧಿಕಾರಿಯಾಗಿ ದುಡಿದು ನಿವೃತ್ತಿಯಾದವಳು. ಬೆಳಗ್ಗೆ ಐದೂವರೆಗೆ ಡೇರಿ ಮುಂದೆ ನಿಂತು ಕ್ಯೂ ನೋಡುವುದೇ ನನ್ನ ಕೆಲಸವಾಗಿತ್ತು. ಅಧ್ಯಕ್ಷರು, ಕಾರ್ಯದರ್ಶಿ ಇಬ್ಬರೂ ಮೆತ್ತಗಿನವರಾದ ಸಂಘಗಳನ್ನು ಕಂಡಿದ್ದೇನೆ. ಅಲ್ಲಿ ಜಗಳವೇ ಇಲ್ಲ. ‘ಹೋಗಲಿ ಬಿಡು, ನಮ್ಮವಳೇ ಅಲ್ವಾ’ ಅಂತ ಎಲ್ಲರ ಹಾಲನ್ನೂ ಹಾಕಿಸಿಕೊಳ್ಳುತ್ತಾರೆ. ವರ್ಷ ತುಂಬುವುದರೊಳಗೆ ಶೀತಲ ಕೇಂದ್ರದಿಂದ ಆ ಊರಿನ ಕ್ಯಾನ್‌ಗಳು ವಾಪಸ್ ಬರುವುದಕ್ಕೆ ಶುರು. ಇಬ್ಬರೂ ಖಡಕ್ ಆದ ಸಂಘಗಳನ್ನೂ ಕಂಡಿದ್ದೇನೆ. ಅಲ್ಲಿ ರಿಜಿಸ್ಟರ್ ಕನ್ನಡಿ ಥರ ಇರುತ್ತದೆ, ಆದರೆ ಹಾಲೇ ಬರುವುದಿಲ್ಲ. ಮುಖ ಮುರಿದು ಮಾತಾಡುವ ಕಡೆಗೆ ಯಾರು ತಾನೇ ಹೋಗುತ್ತಾರೆ? ಪಕ್ಕದ ರಸ್ತೆಯಲ್ಲೇ ಖಾಸಗಿಯವರ ಟೆಂಪೊ ಕಾಯುತ್ತಿರುತ್ತದೆ.

ನಿಮಗೆ ಗುಜರಾತಿನ ಆನಂದ್ ಎಂಬ ಊರಿನ ಕಥೆ ಹೇಳಲೇಬೇಕು. ನಿಮ್ಮ ಸಂಘದ ಬೋರ್ಡಿನ ಬೇರು ಇರುವುದೇ ಅಲ್ಲಿ. 1974ರಲ್ಲಿ ನಮ್ಮ ರಾಜ್ಯದಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಹೈನು ಯೋಜನೆ ಶುರುವಾದಾಗ ಆನಂದ್ ಮಾದರಿಯನ್ನೇ ತಂದರು. ಊರಿಗೊಂದು ಸಂಘ, ಅದರ ಮೇಲೆ ಒಕ್ಕೂಟ, ಅದರ ಮೇಲೆ ಮಹಾಮಂಡಳ. ನಂದಿನಿ ಹಾಲು ಬರುವುದು ಹೀಗೆಯೇ. ಆ ಮಾದರಿ ಪೇಪರ್ ಮೇಲೆ ಹುಟ್ಟಿದ್ದಲ್ಲ. ಒಬ್ಬರಿಗೊಬ್ಬರು ಯಾವುದರಲ್ಲೂ ಹೋಲದ ಇಬ್ಬರು ಮನುಷ್ಯರು ಇಪ್ಪತ್ತಕ್ಕೂ ಹೆಚ್ಚು ವರ್ಷ ಜೊತೆಗೆ ದುಡಿದದ್ದರಿಂದ ಹುಟ್ಟಿದ್ದು.

ಮೊದಲನೆಯವರು ತ್ರಿಭುವನದಾಸ್ ಪಟೇಲ್. 1903ರಲ್ಲಿ ಆನಂದ್‌ನಲ್ಲೇ ಹುಟ್ಟಿದವರು. ಖಾದಿ ಉಡುತ್ತಿದ್ದ ಗಾಂಧಿವಾದಿ, ಸ್ವಾತಂತ್ರ್ಯ ಹೋರಾಟದಲ್ಲಿ ಮತ್ತೆ ಮತ್ತೆ ಜೈಲಿಗೆ ಹೋಗಿ ಬಂದವರು. ಆಗ ಖೇಡಾ ಜಿಲ್ಲೆಯ ಹಾಲೆಲ್ಲ ಪೋಲ್ಸನ್ ಎಂಬ ಡೇರಿಗೆ ಹೋಗಿ, ಅಲ್ಲಿಂದ ನಾನೂರು ಕಿಲೋಮೀಟರ್‌ಗೂ ದೂರದ ಮುಂಬೈಗೆ ರೈಲಿನಲ್ಲಿ ಹೋಗುತ್ತಿತ್ತು. ಲಾಭ ನಡುವಿನ ಗುತ್ತಿಗೆದಾರರಿಗೆ, ರೈತರಿಗೆ ಪುಡಿಗಾಸು. ರೈತರು ಸರ್ದಾರ್ ಪಟೇಲರ ಹತ್ತಿರ ಹೋದರು. ಅವರು ‘ನಿಮ್ಮದೇ ಸಹಕಾರ ಸಂಘ ಕಟ್ಟಿಕೊಳ್ಳಿ’ ಅಂದು ಮೊರಾರ್ಜಿ ದೇಸಾಯಿಯವರನ್ನು ಕಳಿಸಿದರು. 1946ರ ಜನವರಿ 4ರಂದು ಸಮರಖಾ ಎಂಬ ಹಳ್ಳಿಯಲ್ಲಿ ಸಭೆ ನಡೆಯಿತು. ಆಮೇಲೆ ಹದಿನೈದು ದಿನ ರೈತರು ಒಂದು ತೊಟ್ಟು ಹಾಲನ್ನೂ ವ್ಯಾಪಾರಿಗಳಿಗೆ ಕೊಡಲಿಲ್ಲ. ಸರ್ಕಾರ ಮಣಿಯಿತು. ಅದೇ ವರ್ಷ ಡಿಸೆಂಬರ್ 14ಕ್ಕೆ ಖೇಡಾ ಜಿಲ್ಲಾ ಹಾಲು ಒಕ್ಕೂಟ ನೋಂದಣಿ ಆಯಿತು. ಇವತ್ತು ನಾವು ಅಮುಲ್ ಅನ್ನುವುದು ಅದನ್ನೇ. ಅಧ್ಯಕ್ಷರು ತ್ರಿಭುವನದಾಸ್. ಅವರು ಹಳ್ಳಿ ಹಳ್ಳಿ ಸುತ್ತಿ, ಜಗಲಿ ಮೇಲೆ ಕೂತು, ಜನರ ಮಾತು ಕೇಳಿ ಸಂಘಗಳನ್ನು ಕಟ್ಟಿದರು. ನಿಮ್ಮ ಹಾಗೇ.

ಎರಡನೆಯವರು ವರ್ಗೀಸ್ ಕುರಿಯನ್. ತ್ರಿಭುವನದಾಸರಿಗಿಂತ ಹದಿನೆಂಟು ವರ್ಷ ಚಿಕ್ಕವರು. ಕೇರಳದ ಕಲ್ಲಿಕೋಟೆಯವರು, ಕ್ರೈಸ್ತರು, ಮಾಂಸಾಹಾರಿ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಅಮೆರಿಕದ ಮಿಷಿಗನ್‌ಗೆ ಹೋಗಿ ಬಂದವರು. ಹೋಗುವ ಮುಂಚೆ ನಮ್ಮ ಬೆಂಗಳೂರಿನ ಡೇರಿ ಸಂಸ್ಥೆಯಲ್ಲೂ ತರಬೇತಿ ಪಡೆದಿದ್ದರು. ಅವರಿಗೆ ಹಾಲಿನ ಮೇಲೆ ಪ್ರೀತಿ ಏನೂ ಇರಲಿಲ್ಲ. ಕುಡಿಯುತ್ತಲೂ ಇರಲಿಲ್ಲ. ಸರ್ಕಾರದ ಸ್ಕಾಲರ್‌ಶಿಪ್‌ಗೆ ಬದಲಾಗಿ ಹೇಳಿದ ಕಡೆ ಕೆಲಸ ಮಾಡಬೇಕೆಂಬ ಕರಾರು ಇದ್ದದ್ದರಿಂದ 1949ರ ಮೇ ತಿಂಗಳಲ್ಲಿ ಆನಂದ್‌ನ ಸರ್ಕಾರಿ ಕ್ರೀಮರಿಗೆ, ಅಂದರೆ ಹಾಲು ಸಂಸ್ಕರಿಸುವ ಘಟಕಕ್ಕೆ ಬಂದರು. ಮಾಂಸ ತಿನ್ನುವ ಒಂಟಿ ಗಂಡಸಿಗೆ ಆ ಊರಲ್ಲಿ ಬಾಡಿಗೆ ಮನೆ ಯಾರು ಕೊಡುತ್ತಾರೆ? ಒಂದು ಗ್ಯಾರೇಜಿನಲ್ಲಿ ಉಳಿದುಕೊಂಡರು. ಯಾವಾಗ ಬಿಡುಗಡೆ ಅಂತ ದಿನ ಎಣಿಸುತ್ತಿದ್ದರು. ಮಾತು ನೇರ, ಸಿಟ್ಟು ಬೇಗ, ಮಂತ್ರಿ ಅಂದರೂ ಹೆದರಿಕೆ ಇಲ್ಲ.

ಇಬ್ಬರನ್ನೂ ಒಂದು ಮಾಡಿದ್ದು ಕೆಟ್ಟುಹೋದ ಮಿಷನ್. ಒಕ್ಕೂಟದ ಹತ್ತಿರ ಇದ್ದದ್ದು ಹಳೇ ಬಾಡಿಗೆ ಯಂತ್ರಗಳು. ದಿನಾ ಒಂದಲ್ಲ ಒಂದು ಕೈ ಕೊಡುತ್ತಿತ್ತು. ತ್ರಿಭುವನದಾಸರು ಬಂದು ಕರೆದಾಗಲೆಲ್ಲ ಕುರಿಯನ್ ಹೋಗಿ ರಿಪೇರಿ ಮಾಡಿಕೊಡುತ್ತಿದ್ದರು. ಕೊನೆಗೆ ಅವರು ಸೀದಾ ಹೇಳಿದರು: ಇದನ್ನು ಎಸೆದು ಹೊಸ ಪಾಶ್ಚರೀಕರಣ ಯಂತ್ರ ತನ್ನಿ. ಎಷ್ಟು ದೊಡ್ಡ ಮೊತ್ತ ಅದು, ಆಗಿನ ಆ ಸಣ್ಣ ಒಕ್ಕೂಟಕ್ಕೆ! ತ್ರಿಭುವನದಾಸರಿಗೆ ಯಂತ್ರದ ಒಳಗು ಗೊತ್ತಿರಲಿಲ್ಲ. ಆದರೆ ಹೇಳುತ್ತಿರುವವನ ಕೈಗುಣ ಗೊತ್ತಿತ್ತು. ಸಾಲ ಮಾಡಿ ದುಡ್ಡು ಹೊಂದಿಸಿ, ಯಂತ್ರ ಕೊಳ್ಳುವುದಕ್ಕೆ ಅವರನ್ನೇ ಮುಂಬೈಗೆ ಕಳಿಸಿದರು. ಅಷ್ಟರಲ್ಲಿ ಕುರಿಯನ್‌ಗೆ ಸರ್ಕಾರದಿಂದ ಬಿಡುಗಡೆಯೂ ಸಿಕ್ಕಿತು. ಅವರು ಹೊರಟು ನಿಂತಾಗ ತ್ರಿಭುವನದಾಸರು ಕೇಳಿದ್ದು ಇಷ್ಟೇ: ಯಂತ್ರ ಕೂರಿಸಿ ಕೊಡುವವರೆಗಾದರೂ ಇರಿ. ‘ಆಗಲಿ’ ಅಂದವರು ಸಾಯುವವರೆಗೂ ಆನಂದ್ ಬಿಡಲಿಲ್ಲ.

ತಂಗಿ, ಇನ್ನು ನಿಮ್ಮ ವಿಷಯಕ್ಕೆ ಬರುತ್ತೇನೆ. ಸ್ವಭಾವ ಬೇರೆ ಬೇರೆ ಇದ್ದ ಮಾತ್ರಕ್ಕೆ ಯಾವ ಜೋಡಿಯೂ ಗೆಲ್ಲುವುದಿಲ್ಲ. ಬೇರೆ ಸ್ವಭಾವದವರು ಕಚ್ಚಾಡಿ ಮುಚ್ಚಿದ ಸಂಘಗಳೇ ಜಾಸ್ತಿ. ಆನಂದ್‌ನಲ್ಲಿ ಏನಾಯಿತು ಅಂದರೆ, ರೈತರನ್ನು ಒಪ್ಪಿಸುವುದು, ರಾಜಕೀಯದವರ ಕೈ ಒಕ್ಕೂಟದ ಒಳಗೆ ಬರದಂತೆ ತಡೆಯುವುದು, ಊರೂರಿನ ಜಗಳ ಬಿಡಿಸುವುದು ತ್ರಿಭುವನದಾಸರ ಪಾಲಿಗೆ ಬಂತು. ಯಂತ್ರ, ಗುಣಮಟ್ಟ, ಮಾರಾಟ, ನೌಕರರು ಒಕ್ಕೂಟದ ಮ್ಯಾನೇಜರ್ ಆದ ಕುರಿಯನ್ ಪಾಲಿಗೆ. ಮ್ಯಾನೇಜರ್ ಕೆಲಸದಲ್ಲಿ ಅಧ್ಯಕ್ಷರು ಕೈ ಹಾಕಲಿಲ್ಲ. ಮ್ಯಾನೇಜರ್ ಕೂಡ ‘ನಾನು ರೈತರ ನೌಕರ’ ಎಂಬುದನ್ನು ಹೆಮ್ಮೆಯಿಂದಲೇ ಹೇಳಿಕೊಂಡು ಬಂದರು. ಕುರಿಯನ್ ದೆಹಲಿಯಲ್ಲಿ ಅಧಿಕಾರಿಗಳ ಜೊತೆ ಜಗಳ ಆಡಿ ಬಂದರೂ ಆನಂದ್‌ನಲ್ಲಿ ಅವರ ಬೆನ್ನ ಹಿಂದೆ ಅಧ್ಯಕ್ಷರು ಇರುತ್ತಿದ್ದರು. ನನ್ನ ಪ್ರಕಾರ ಇಡೀ ಕಥೆಯ ಜೀವ ಇರುವುದು ಇಲ್ಲೇ. ಒರಟು ಮನುಷ್ಯ ಧೈರ್ಯವಾಗಿ ಸರಿಯಾದ ಕೆಲಸ ಮಾಡಬೇಕಾದರೆ, ಜನ ನಂಬುವ ಒಬ್ಬರು ಅವರ ಪರವಾಗಿ ನಿಲ್ಲಬೇಕು.

ನಿಮ್ಮ ಓರಗಿತ್ತಿಯ ಹಾಲಿನ ಮಾತು. ನಿಮ್ಮ ಮುಂದೆ ಆ ಬೆಳಗ್ಗೆ ಎರಡು ದಾರಿ ಇತ್ತು. ‘ಈ ಸಲ ತಗೋ ಬಿಡು’ ಅಂತ ಕಾರ್ಯದರ್ಶಿಗೆ ಹೇಳುವುದು ಒಂದು. ನೀವು ಹಾಗೆ ಹೇಳಿದಿರಿ ಅಂತ ಕಾಗದದಲ್ಲಿ ಇಲ್ಲ, ಅದೇ ನನಗೆ ಸಮಾಧಾನ. ಹೇಳಿದ್ದರೆ ಮಾರನೇ ದಿನದಿಂದ ಆ ಹುಡುಗಿಗೆ ಯಾರ ಹಾಲನ್ನೂ ವಾಪಸ್ ಕಳಿಸುವ ಧೈರ್ಯ ಇರುತ್ತಿರಲಿಲ್ಲ. ಎರಡನೇ ದಾರಿ, ಸಂಜೆ ನೀವೇ ಓರಗಿತ್ತಿಯ ಮನೆಗೆ ಹೋಗಿ ಕೂರುವುದು. ‘ಹಾಲು ವಾಪಸ್ ಬಂದದ್ದು ಸರಿ, ಎಲ್ಲರ ಮುಂದೆ ಅವಳು ಹಾಗೆ ಮಾತಾಡಿದ್ದು ಸರಿಯಲ್ಲ’ ಅನ್ನುವುದು. ಈಗಲೂ ತಡ ಆಗಿಲ್ಲ. ಕಾರ್ಯದರ್ಶಿಗೂ ಇದನ್ನೇ ಹೇಳಿ. ಆದರೆ ಕೌಂಟರ್ ಮುಂದೆ ಬೇಡ, ಬಾಗಿಲು ಹಾಕಿಕೊಂಡು ಹೇಳಿ. ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) ಶೇಕಡಾ ಎಂಟೂವರೆ ಬರದಿದ್ದರೆ ಯಾಕೆ ಬರಲಿಲ್ಲ, ಹಸುವಿಗೆ ಖನಿಜ ಮಿಶ್ರಣ ಹಾಕುತ್ತಿದ್ದೀರಾ, ಬರೀ ಒಣಹುಲ್ಲು ಕೊಡುತ್ತಿದ್ದೀರಾ ಅಂತ ಕೇಳುವುದನ್ನು ಅವಳಿಗೆ ಕಲಿಸಿ. ನೀರು ಹಾಕಿದವರೂ ಇರುತ್ತಾರೆ, ಹಸುವಿಗೆ ಮೇವು ಸಾಲದವರೂ ಇರುತ್ತಾರೆ. ಯಂತ್ರ ತೋರಿಸುವುದು ನಂಬರ್ ಮಾತ್ರ. ಯಾರ ಮನೆಯಲ್ಲಿ ಏನು ಕಷ್ಟ ಅಂತ ಗೊತ್ತಿರುವುದು ನಿಮಗೆ. ಅವಳಿಗೆ ನೀವು ಕೊಡಬೇಕಾದದ್ದು ಅದನ್ನೇ.

ಅವಳಿಂದ ನೀವು ಕಲಿಯಬೇಕಾದದ್ದೂ ಇದೆ. ಬಟವಾಡೆಯ ಹಿಂದಿನ ದಿನ ಅವಳ ಪಕ್ಕ ಕೂತು ರಿಜಿಸ್ಟರ್ ಓದಿಸಿಕೊಳ್ಳಿ. ಏಳನೇ ಕ್ಲಾಸು ಸಾಕು. ಚೆಕ್ಕಿಗೆ ಇಬ್ಬರೂ ಸಹಿ ಹಾಕುತ್ತೀರಿ ಅಲ್ವಾ? ಏನಕ್ಕೆ ಸಹಿ ಹಾಕುತ್ತಿದ್ದೇನೆ ಅಂತ ಗೊತ್ತಿರುವ ಅಧ್ಯಕ್ಷೆಯ ಮೇಲೆ ಆ ಹುಡುಗಿಗೂ ಗೌರವ ಬರುತ್ತದೆ.

---

ಪ್ರಶ್ನೆ: ಅಮುಲ್ ಅಂದರೆ ಎಲ್ಲರೂ ಕುರಿಯನ್ ಹೆಸರು ಹೇಳುತ್ತಾರೆ. ತ್ರಿಭುವನದಾಸ್ ಪಟೇಲರ ಹೆಸರು ನಾನು ಇತ್ತೀಚೆಗೆ ಒಂದು ವಿಶ್ವವಿದ್ಯಾಲಯದ ಸುದ್ದಿಯಲ್ಲಿ ನೋಡಿದೆ ಅಷ್ಟೇ. ಒಬ್ಬರು ಹೆಸರು ತಗೊಂಡರೆ ಇನ್ನೊಬ್ಬರಿಗೆ ಅನ್ಯಾಯ ಆದ ಹಾಗಲ್ವಾ?
– ನಿವೃತ್ತ ಶಿಕ್ಷಕರು, ಶಿರಸಿ

ಉತ್ತರ: ಸಾರ್, ಅನ್ಯಾಯ ಆಗಿದೆ, ಆದರೆ ಅದು ಮಾಡಿದ್ದು ನಾವು, ಅವರಿಬ್ಬರಲ್ಲ. 1963ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಇಬ್ಬರಿಗೂ ಜೊತೆಯಾಗಿಯೇ ಬಂತು. ಮುಂಬೈಯ ಹಾಲಿನ ಕಮಿಷನರ್ ಆಗಿದ್ದ ದಾರಾ ಖುರೋಡಿ ಅವರಿಗೂ ಅದರಲ್ಲಿ ಪಾಲಿತ್ತು. ಈ ಮೂರನೇ ಹೆಸರು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಆನಂದ್‌ನವರ ಹಾಲಿಗೆ ದೊಡ್ಡ ಗಿರಾಕಿ ಮುಂಬೈ. ಕೊಳ್ಳುವವರ ಕಡೆಯ ಅಧಿಕಾರಿ, ಮಾರುವವರ ಕಡೆಯ ಮ್ಯಾನೇಜರ್, ಇಬ್ಬರಿಗೂ ದರದ ಮೇಲೆ, ಹಾಲಿನ ಪ್ರಮಾಣದ ಮೇಲೆ ತಿಕ್ಕಾಟ ನಡೆದೇ ಇತ್ತು. ಅಂಥವರಿಗೂ ಸೇರಿಸಿಯೇ ಪ್ರಶಸ್ತಿ ಕೊಟ್ಟರು.

ನಮ್ಮ ಪತ್ರಿಕೆಯವರಿಗೆ, ಟಿ.ವಿ.ಯವರಿಗೆ ಒಬ್ಬ ನಾಯಕ ಸಾಕು. ಚೆನ್ನಾಗಿ ಮಾತಾಡುವವರು, ಖಾರವಾಗಿ ಮಾತಾಡುವವರು ಆದರೆ ಇನ್ನೂ ಒಳ್ಳೆಯದು. ಕುರಿಯನ್ ಹಾಗಿದ್ದರು. ತ್ರಿಭುವನದಾಸರು ಹಾಗಿರಲಿಲ್ಲ. ಅವರು ಅಧ್ಯಕ್ಷಗಿರಿಯಿಂದ ತಾವಾಗಿಯೇ ಇಳಿದಾಗ ರೈತರು ಒಬ್ಬೊಬ್ಬರು ಒಂದೊಂದು ರೂಪಾಯಿ ಹಾಕಿ ಸುಮಾರು ಆರು ಲಕ್ಷ ರೂಪಾಯಿಯ ಹಮ್ಮಿಣಿ ಕೊಟ್ಟರು. ಒಂದು ರೂಪಾಯಿಯ ಲೆಕ್ಕದಲ್ಲಿ ಅಷ್ಟು ಕೂಡಬೇಕಾದರೆ ಎಷ್ಟು ಮನೆಗಳ ಪ್ರೀತಿ ಬೇಕು ನೋಡಿ. ಆ ದುಡ್ಡನ್ನು ಅವರು ಇಟ್ಟುಕೊಳ್ಳಲಿಲ್ಲ. ಹಳ್ಳಿಯ ತಾಯಂದಿರ, ಮಕ್ಕಳ ಆರೋಗ್ಯಕ್ಕೆ ಅಂತ ತ್ರಿಭುವನದಾಸ್ ಫೌಂಡೇಷನ್ ಕಟ್ಟಿದರು. 1994ರಲ್ಲಿ ತೀರಿಕೊಂಡರು. ನೀವು ಹೇಳಿದ ಆನಂದ್‌ನ ‘ತ್ರಿಭುವನ್ ಸಹಕಾರಿ ವಿಶ್ವವಿದ್ಯಾಲಯ’ಕ್ಕೆ 2025ರಲ್ಲಿ ಸಂಸತ್ತು ಕಾಯ್ದೆ ಮಾಡಿತು. ತಡವಾಗಿಯಾದರೂ ಸರಿಯಾದ ಹೆಸರು ಇಟ್ಟಿದ್ದಾರೆ.

---

ಪ್ರಶ್ನೆ: ಇಬ್ಬರು ಸಾಕಾ? ನಾವು ಮೂವರು ಗೆಳೆಯರು ಸೇರಿ ರೈತ ಉತ್ಪಾದಕರ ಕಂಪನಿ ನಡೆಸುತ್ತಿದ್ದೇವೆ. ಒಬ್ಬ ಮಾತಿನವನು, ಒಬ್ಬ ಲೆಕ್ಕದವನು. ಮೂರನೆಯವನು ಸುಮ್ನೆ ಪ್ರಯೋಗ ಮಾಡುತ್ತಾ ಕೂರುತ್ತಾನೆ. ಅವನಿಗೆ ಯಾಕೆ ಪಾಲು ಅಂತ ಉಳಿದವರ ತಕರಾರು.
– ಯುವ ರೈತ, ಕೊಪ್ಪಳ

ಉತ್ತರ: ತಮ್ಮಾ, ಆನಂದ್‌ನಲ್ಲೂ ಮೂರನೆಯವರು ಇದ್ದರು. ಎಚ್.ಎಂ. ದಲಾಯಾ. ಉತ್ತರ ಪ್ರದೇಶದವರು, ಡೇರಿ ತಂತ್ರಜ್ಞರು. ಅಮೆರಿಕದಲ್ಲಿ ಕುರಿಯನ್‌ಗೆ ಗೆಳೆಯರಾದವರು. ಆನಂದ್ ನೋಡಿಕೊಂಡು ಹೋಗಲು ಬಂದವರನ್ನು ಕುರಿಯನ್ ಅಲ್ಲೇ ಉಳಿಸಿಕೊಂಡರು.

ಆಗಿದ್ದ ಕಷ್ಟ ಏನು ಗೊತ್ತಾ? ಎಮ್ಮೆಗಳು ಚಳಿಗಾಲದಲ್ಲಿ ಬೇಸಿಗೆಗಿಂತ ಹೆಚ್ಚು ಕಡಿಮೆ ಎರಡರಷ್ಟು ಹಾಲು ಕೊಡುತ್ತವೆ. ಮುಂಬೈಗೆ ಅಷ್ಟೂ ಹಾಲು ಬೇಡ. ಚಳಿಗಾಲದಲ್ಲಿ ‘ಹಾಲು ತರಬೇಡಿ’ ಅಂತ ರೈತರಿಗೆ ಹೇಳಿದರೆ ಸಂಘದ ಮೇಲೆ ನಂಬಿಕೆ ಉಳಿಯುವುದಿಲ್ಲ. ಮಿಕ್ಕ ಹಾಲನ್ನು ಪುಡಿ ಮಾಡಿ ಇಡಬೇಕು. ಆದರೆ ಎಮ್ಮೆ ಹಾಲಿನಿಂದ ಪುಡಿ ಮಾಡುವುದು ಆಗದ ಕೆಲಸ ಅಂತ ವಿದೇಶದ ತಜ್ಞರು ಹೇಳಿಬಿಟ್ಟಿದ್ದರು. ಅವರಿಗೆ ಗೊತ್ತಿದ್ದದ್ದು ಹಸುವಿನ ಹಾಲು. ದಲಾಯಾ ಬಣ್ಣ ಸಿಂಪಡಿಸುವ ಸ್ಪ್ರೇ ಗನ್ನು, ಬಿಸಿ ಗಾಳಿ ಊದುವ ಸಾಧನ ಇಟ್ಟುಕೊಂಡು ಎಮ್ಮೆ ಹಾಲನ್ನು ಪುಡಿ ಮಾಡಿ ತೋರಿಸಿದರು. ಆಮೇಲೆ ಯುನಿಸೆಫ್ ಮತ್ತು ನ್ಯೂಜಿಲೆಂಡ್ ನೆರವು ಕೊಟ್ಟವು. 1955ರ ಅಕ್ಟೋಬರ್ 31ರಂದು, ಸರ್ದಾರ್ ಪಟೇಲರ ಹುಟ್ಟುಹಬ್ಬದ ದಿನ, ನೆಹರೂ ಆ ಕಾರ್ಖಾನೆಯನ್ನು ಉದ್ಘಾಟಿಸಿದರು.

ನೋಡು, ಪುಡಿ ಮಾಡುವ ದಾರಿ ಗೊತ್ತಿದ್ದದ್ದು ದಲಾಯಾ ಅವರಿಗೆ. ಅದಕ್ಕೆ ನೆರವು, ಯಂತ್ರ ತರುವ ಛಲ ಇದ್ದದ್ದು ಕುರಿಯನ್‌ಗೆ. ಅಷ್ಟು ದೊಡ್ಡ ಕೆಲಸಕ್ಕೆ ರೈತರ ಒಪ್ಪಿಗೆ ತರುವ ಶಕ್ತಿ ಇದ್ದದ್ದು ತ್ರಿಭುವನದಾಸರಿಗೆ. ಮೂವರಲ್ಲಿ ಒಬ್ಬರು ಇಲ್ಲದಿದ್ದರೂ ಚಳಿಗಾಲದ ಹಾಲು ಚರಂಡಿ ಸೇರುತ್ತಿತ್ತು.

ನಿಮ್ಮ ಗೆಳೆಯನಿಗೆ ಪಾಲು ಕೊಡಿ. ಜೊತೆಗೆ ಒಂದು ಪ್ರಶ್ನೆಯನ್ನೂ ಕೊಡಿ. ‘ಈ ಹಂಗಾಮಿನಲ್ಲಿ ದಾಳಿಂಬೆ ಬೆಲೆ ಬಿದ್ದರೆ ಉಳಿದ ಹಣ್ಣನ್ನು ಏನು ಮಾಡೋಣ’ ಅಂತ ಕೇಳಿ. ಪ್ರಯೋಗ ಮಾಡುವವನಿಗೆ ನಿಮ್ಮ ಕಂಪನಿಯ ನಿಜವಾದ ಕಷ್ಟ ಯಾವುದು ಅಂತ ಯಾರೂ ಹೇಳದಿದ್ದರೆ ಅವನು ತನಗೆ ತೋಚಿದ್ದನ್ನೇ ಮಾಡುತ್ತಾ ಕೂರುತ್ತಾನೆ.

---

ಪ್ರಶ್ನೆ: ಜೋಡಿಯಲ್ಲಿ ಒಬ್ಬರು ಹೋದ ಮೇಲೆ ಇನ್ನೊಬ್ಬರು ಏನು ಮಾಡಬೇಕು? ನಮ್ಮ ಸೊಸೈಟಿಯಲ್ಲಿ ಹಳೇ ಅಧ್ಯಕ್ಷರು ತೀರಿಕೊಂಡ ಮೇಲೆ ಮ್ಯಾನೇಜರ್ ಹೇಳಿದ್ದೇ ವೇದವಾಕ್ಯ ಆಗಿದೆ.
– ಸದಸ್ಯರು, ಮಂಡ್ಯ ಜಿಲ್ಲೆ

ಉತ್ತರ: ಇದಕ್ಕೆ ಸಂತೋಷದ ಉತ್ತರ ನನ್ನ ಹತ್ತಿರ ಇಲ್ಲ. ಕುರಿಯನ್ ಬಗ್ಗೆ ನನಗೆ ಇರುವ ಗೌರವ ಮೇಲೆ ಓದಿದ್ದೀರಿ. ಆದರೂ ಹೇಳಬೇಕಾದದ್ದನ್ನು ಹೇಳುತ್ತೇನೆ. 1973ರಲ್ಲಿ ಗುಜರಾತಿನ ಹಾಲು ಮಾರಾಟ ಮಹಾಮಂಡಳ ಶುರುವಾದಾಗಿನಿಂದ ಅವರೇ ಅದರ ಅಧ್ಯಕ್ಷರು. ಮೂವತ್ತು ವರ್ಷ ಕಳೆದರೂ ಅವರೇ. 2006ರಲ್ಲಿ ಜಿಲ್ಲಾ ಒಕ್ಕೂಟಗಳ ಪ್ರತಿನಿಧಿಗಳು ಅವರ ವಿರುದ್ಧ ನಿಂತರು. ರಾಜೀನಾಮೆ ಕೊಡಬೇಕಾಯಿತು. ಆಗ ಅವರಿಗೆ ಎಂಬತ್ತನಾಲ್ಕು. ಆ ಸುದ್ದಿ ಕೇಳಿ ನಮ್ಮಂಥ ಒಕ್ಕೂಟದವರಿಗೆ ಬಹಳ ನೋವಾಯಿತು. ತ್ರಿಭುವನದಾಸರಂಥ ಹಿರಿಯರೊಬ್ಬರು ಪಕ್ಕದಲ್ಲಿ ಇದ್ದಿದ್ದರೆ, ‘ಸಾಕು, ಈಗ ಬೇರೆಯವರಿಗೆ ಬಿಡೋಣ’ ಅಂತ ಹೇಳುತ್ತಿದ್ದರು ಅಂತ ನನ್ನ ನಂಬಿಕೆ. ಅವರು ತಾವೇ ಹಾಗೆ ಬಿಟ್ಟು ತೋರಿಸಿದವರಲ್ವಾ.

ನಿಮ್ಮ ಮ್ಯಾನೇಜರ್ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅವರ ಎದುರು ಕೂತು ‘ಇಲ್ಲ’ ಅನ್ನುವ ಅಧ್ಯಕ್ಷರು ಬೇಕು. ಮುಂದಿನ ಚುನಾವಣೆಯಲ್ಲಿ ಅಂಥವರನ್ನು ಹುಡುಕಿ ನಿಲ್ಲಿಸಿ. ಮ್ಯಾನೇಜರ್ ಮಾತಿಗೆ ತಲೆಯಾಡಿಸುವವರನ್ನು ಮ್ಯಾನೇಜರ್ ಅವರೇ ನಿಲ್ಲಿಸಿದರೆ ಮತ ಹಾಕಬೇಡಿ.

---

ಪ್ರಶ್ನೆ: ನಾನು ಹಾಲಿನ ಸಂಘದ ಕಾರ್ಯದರ್ಶಿ. ನಮ್ಮ ಅಧ್ಯಕ್ಷರು ಒಳ್ಳೆಯವರೇ, ಜನ ಅವರನ್ನು ಬಹಳ ಇಷ್ಟಪಡುತ್ತಾರೆ. ಆದರೆ ದಿನಾ ಬೆಳಗ್ಗೆ ಕೌಂಟರ್ ಹತ್ತಿರ ಬಂದು ‘ಇವರದ್ದು ಸ್ವಲ್ಪ ಫ್ಯಾಟ್ ಜಾಸ್ತಿ ಬರಿ’ ಅನ್ನುತ್ತಾರೆ. ಬೇಡ ಅಂದರೆ ಮುನಿಸು. ಏನು ಮಾಡಲಿ ಮೇಡಂ?
– ಚನ್ನಗಿರಿ ತಾಲ್ಲೂಕು

ಉತ್ತರ: ಬರೆಯಬೇಡಿ. ಫ್ಯಾಟ್, ಅಂದರೆ ಹಾಲಿನ ಕೊಬ್ಬಿನಂಶ, ಜಾಸ್ತಿ ಬರೆದಷ್ಟೂ ದುಡ್ಡು ಜಾಸ್ತಿ ಕೊಡಬೇಕು. ಒಬ್ಬರಿಗೆ ಸೊನ್ನೆ ಪಾಯಿಂಟ್ ಎರಡು ಫ್ಯಾಟ್ ಜಾಸ್ತಿ ಬರೆದರೆ ಆ ದುಡ್ಡು ಅಧ್ಯಕ್ಷರ ಜೇಬಿನಿಂದ ಬರುವುದಿಲ್ಲ, ಕ್ಯೂನಲ್ಲಿ ನಿಂತ ಉಳಿದವರ ಬೋನಸ್‌ನಿಂದ ಹೋಗುತ್ತದೆ. ಅಧ್ಯಕ್ಷರಿಗೆ ಇದನ್ನು ಲೆಕ್ಕ ಹಾಕಿ ತೋರಿಸಿ. ಜನ ಮೆಚ್ಚಿದ ಮನುಷ್ಯ ಅಂದಿರಿ. ಹಾಗಾದರೆ ಯಾರ ದುಡ್ಡು ಹೋಗುತ್ತಿದೆ ಅಂತ ಗೊತ್ತಾದರೆ ಅವರೇ ನಿಲ್ಲಿಸುತ್ತಾರೆ.

ಅವರಿಗೆ ಆ ಹೊತ್ತಿನಲ್ಲಿ ಬೇರೆ ಕೆಲಸ ಕೊಡಿ. ಜನ ಬಂದು ಅವರ ಹತ್ತಿರ ಕಷ್ಟ ಹೇಳಿಕೊಳ್ಳುತ್ತಾರೆ, ಅದಕ್ಕೇ ಅವರು ಕೌಂಟರ್‌ಗೆ ಬರುವುದು. ಪಶು ಆಹಾರದ ಚೀಟಿ, ಹಸು ವಿಮೆಯ ಅರ್ಜಿ, ಡಾಕ್ಟರ್‌ಗೆ ಫೋನ್ ಮಾಡುವುದು ಇವೆಲ್ಲ ಅವರ ಮೇಜಿಗೆ ಹೋಗಲಿ. ಆ ಮೇಜನ್ನು ಟೆಸ್ಟಿಂಗ್ ಮಿಷನ್‌ನಿಂದ ದೂರ, ಹೊರಗಿನ ಜಗಲಿಯಲ್ಲಿ ಹಾಕಿಸಿ. ಪರೀಕ್ಷೆಯನ್ನು ಹಾಲು ತಂದವರ ಕಣ್ಣೆದುರೇ ಮಾಡಿ, ಬಂದ ನಂಬರ್ ಅನ್ನು ಚೀಟಿಯಲ್ಲಿ ಕೊಟ್ಟುಬಿಡಿ. ಒಮ್ಮೆ ಚೀಟಿ ಕೈಗೆ ಹೋದರೆ ಅದನ್ನು ತಿದ್ದಿ ಎಂದು ಕೇಳುವುದು ಯಾರಿಗೂ ಕಷ್ಟ.

ಮುಂದಿನ ಸಮಿತಿ ಸಭೆಯಲ್ಲಿ ಹಾಲಿನ ಪರೀಕ್ಷೆ, ದಾಖಲೆ ಕಾರ್ಯದರ್ಶಿಯ ಜವಾಬ್ದಾರಿ, ಸದಸ್ಯರ ದೂರು ಕೇಳುವುದು ಅಧ್ಯಕ್ಷರ ಜವಾಬ್ದಾರಿ ಅಂತ ಒಂದು ನಿರ್ಣಯ ಬರೆಸಿ. ಮಂಡಿಸುವುದು ನೀವಲ್ಲ, ಅಧ್ಯಕ್ಷರೇ ಮಂಡಿಸುವ ಹಾಗೆ ಮೊದಲೇ ಮಾತಾಡಿಕೊಳ್ಳಿ. ಅವರ ಬಾಯಿಂದ ಬಂದರೆ ಊರು ಒಪ್ಪುತ್ತದೆ. ನಿರ್ಣಯದ ಒಂದು ನಕಲನ್ನು ನಿಮ್ಮ ಒಕ್ಕೂಟದ ವಿಸ್ತರಣಾಧಿಕಾರಿಗೂ ಕೊಟ್ಟು ಸಹಿ ಹಾಕಿಸಿಕೊಳ್ಳಿ.